ಆಯಿ ಓಗೊಟ್ಟದ್ದು

ಬೆಳಿಗ್ಗೆಯಿಂದ ಪಕ್ಕದ ಮನೆಯಲ್ಲಿ ಹರಳೆಣ್ಣೆ ಕಾಯಿಸುತ್ತಿದ್ದಾರೆ. ಬಾಣಂತಿ ಇರುವ ಮನೆ. ವಾಸನೆ ಮೂಗಿಗೆ ಬಡಿಯಿತೋ ಇಲ್ಲವೋ, ಕೈಯಲ್ಲಿದ್ದ ಪತ್ರಿಕೆ ಮಡಚಿಟ್ಟುಬಿಟ್ಟೆ. ನಮ್ಮ ಆಯಿಯ ಸೆರಗಿಗೆ ವರ್ಷವಿಡೀ ಇದೇ ವಾಸನೆ. ಅವಳು ಸೂಲಗಿತ್ತಿ. ಹುಕ್ಕೇರಿಯಲ್ಲಿ ಅವಳ ಕೈಯಲ್ಲಿ ಹುಟ್ಟದವರು ಯಾರಾದರೂ ಸಿಕ್ಕರೆ, ಅವರು ಪರವೂರಿನವರೆಂದೇ ತಿಳಿಯಬೇಕು.

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಮರಾಠಿಯವರಿಗೆ ಆಯಿ ಎಂದರೆ ತಾಯಿ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ರಾಮಾಯಣವೆಲ್ಲ ಆದದ್ದು ಅದರಿಂದಲೇ.

ಅವಳಿಗೆ ಬರುತ್ತಿದ್ದದ್ದು ಕನ್ನಡ ಒಂದೇ. ನಮ್ಮ ಸೀಮೆಯಲ್ಲಿ ಇದೇನು ಸಣ್ಣ ಸಾಧನೆಯಲ್ಲ, ನೋಡಿ. ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಮರಾಠಿ, ಟಾಂಗಾದವನ ಬಾಯಲ್ಲಿ ಉರ್ದು. ಇಷ್ಟರ ನಡುವೆ ಅರವತ್ತು ವರ್ಷ ಬಾಳಿಯೂ ತನಗೊಂದು ಮರಾಠಿ ಶಬ್ದ ಅಂಟಿಲ್ಲ ಎನ್ನುತ್ತಿದ್ದಳು. ಅವಳೇ ದಿನಾ ಆಡುವ ಖರೆ, ಬಾಜೂ, ಪಗಾರ ಎಲ್ಲ ಮರಾಠಿಯಿಂದಲೇ ಬಂದವು ಎಂದು ನಾನೊಮ್ಮೆ ಪಾಂಡಿತ್ಯ ತೋರಿಸಿದೆ. "ಬಂದಿದ್ರ ಬಂದಾವ್ ಬಿಡು. ಈಗ ನಮ್ಮ ಮನ್ಯಾಗ ಅದಾವಲ್ಲ?" ಎಂದಳು.

ಸಂಕೇಶ್ವರದ ಸಂತೆಯಲ್ಲಿ ಮರಾಠಿ ಬಳೆಗಾರನ ಮುಂದೆ ಕುಕ್ಕರಗಾಲಲ್ಲಿ ಕೂತು, ಅವನ ಹೆಂಡತಿಯ ಮೊಣಕಾಲು ನೋವಿನಿಂದ ಹಿಡಿದು ಮಗಳ ಮದುವೆಯವರೆಗೆ ಎಲ್ಲ ವಿಚಾರಿಸಿಕೊಂಡು ಬರುವಳು. ಅವನದು ಅವನ ಮಾತು, ಇವಳದು ಇವಳ ಮಾತು. ನನಗಂತೂ ಆ ಧೈರ್ಯ ಇವತ್ತಿಗೂ ಬಂದಿಲ್ಲ.

ನನಗೆ ಆಗ ಇಪ್ಪತ್ತೊಂದು. ಕಚೇರಿಯಲ್ಲಿ ಕಾರಕೂನ. ಮರಾಠಿ, ಇಂಗ್ಲಿಷು, ಅಷ್ಟಿಷ್ಟು ಉರ್ದು ಬರುತ್ತಿದ್ದವು. ನನ್ನ ಮರಾಠಿ ಒಕ್ಕಣೆ ಓದಿ ಸಾಹೇಬರು ಒಮ್ಮೆ ತಲೆದೂಗಿದ್ದರು. ಅಂದಿನಿಂದ ನನ್ನ ಕಾಲು ನೆಲಕ್ಕೆ ಹತ್ತಿರಲಿಲ್ಲ.

ಆ ಸಾಹೇಬರು ಕೊಲ್ಹಾಪುರದ ಕಡೆಯವರು. ಹೆಂಡತಿ ಹತ್ತೊಂಬತ್ತರ ಹುಡುಗಿ, ಚೊಚ್ಚಲ ಬಸುರಿ. ಇನ್ನೇನು ತವರಿಗೆ ಕಳಿಸಬೇಕು ಎನ್ನುವಾಗ ಒಂದು ದಿನ ನಸುಕಿನಲ್ಲೇ ನೋವು ಶುರುವಾಯಿತು. ಆಯಿಯನ್ನು ಕರೆಸಿದರು. ಹುಡುಗಿಗೆ ಕನ್ನಡ ಬಾರದು. ಎರಡೂ ಕಡೆ ತಿಳಿಸಿ ಹೇಳಲಿಕ್ಕೆ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರು.

ಮಧ್ಯಾಹ್ನ ಕಳೆದರೂ ಹೆರಿಗೆಯಾಗಲಿಲ್ಲ. "ತಿಣಕು ಅಂತ ಹೇಳಲೇ ಅಕಿಗೆ!" ಎಂದು ಆಯಿ ಒಳಗಿನಿಂದ ಕೂಗಿದಳು. ಅಯ್ಯೋ, ಆ ಶಬ್ದ ನನ್ನ ಮರಾಠಿಯಲ್ಲಿ ಎಲ್ಲಿತ್ತು? "ಕೃಪಾ ಕರೂನ್ ಪ್ರಯತ್ನ ಕರಾವಾ" ಎಂದೆ. ದಯಮಾಡಿ ಪ್ರಯತ್ನಿಸತಕ್ಕದ್ದು! ಹುಡುಗಿ ನನ್ನ ಕಡೆ ಲಕ್ಷ್ಯವನ್ನೇ ಕೊಡಲಿಲ್ಲ. "ಆಯೀ, ಆಯೀ" ಎಂದು ತನ್ನ ತಾಯಿಯನ್ನು ಕೂಗುತ್ತಿದ್ದಳು. ಊರೆಲ್ಲ ಆಯಿ ಎಂದೇ ಕರೆಯುವ ನಮ್ಮಜ್ಜಿ, ತನ್ನನ್ನೇ ಕರೆದಳೆಂದು ಪ್ರತಿಸಲವೂ ಓಗೊಡುತ್ತಿದ್ದಳು. "ಓ! ಇಲ್ಲೇ ಅದೇನಿ ನನ್ನವ್ವಾ, ಎಲ್ಲೂ ಹೋಗೂದಿಲ್ಲ." ಆ 'ಓ' ಕೇಳಿದಾಗೆಲ್ಲ ಹುಡುಗಿ ಮತ್ತೆ ಬಲ ಹಾಕುತ್ತಿದ್ದಳು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ನನ್ನಂಥ ಪಂಡಿತನಿಗೆ ತಪ್ಪು ಕಂಡ ಮೇಲೆ ಸುಮ್ಮನಿರಲಾದೀತೇ? ಬಾಗಿಲ ಸಂದಿಯಲ್ಲಿ ಬಾಯಿಟ್ಟು ಶುದ್ಧ ಮರಾಠಿಯಲ್ಲಿ ತಿಳಿಸಿದೆ: ಬಾಯಿಸಾಹೇಬರೇ, ಈಕೆ ನಿಮ್ಮ ಮಾತನ್ನು ತಪ್ಪು ತಿಳಿದಿದ್ದಾಳೆ, ನಮ್ಮಲ್ಲಿ ಆಯಿ ಎಂದರೆ ಅಜ್ಜಿ, ನಿಮ್ಮ ತಾಯಿಯವರು ಇಲ್ಲಿಲ್ಲ, ಕೊಲ್ಹಾಪುರದಲ್ಲಿದ್ದಾರೆ.

ಒಳಗೆ ಕೂಗು ನಿಂತಿತು. ಆಮೇಲೆ ಸಣ್ಣ ಅಳು ಕೇಳಿಸಿತು. ಹುಡುಗಿ ಬಲ ಹಾಕುವುದನ್ನೇ ಬಿಟ್ಟಿದ್ದಳು.

"ಏನಂದಿಲೇ ಅಕಿಗೆ?" ಆಯಿಯ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಕೂಸಿನ ತಲಿ ಬಾಗಲದಾಗ ನಿಂತೈತಿ, ಇಕಿ ಕೈ ತಣ್ಣಗ ಆಗಾಕತ್ತಾವು. ನಿನ್ನ ಮರಾಠಿ ಕಟಗೊಂಡು ಅಂಗಳಕ್ಕ ಹೋಗು!"

ಹೋದೆ. ತುಳಸಿಕಟ್ಟೆಯ ಹತ್ತಿರ ಸಾಹೇಬರು ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು. ಅವರ ಮುಖ ನೋಡಲಾಗಲಿಲ್ಲ. ಕಿಟಕಿಯಿಂದ ಆಯಿಯ ಮಾತು ಕೇಳುತ್ತಿತ್ತು. "ಯಾಕವಾ ಮಗಳ, ಹಡದಾಕಿ ನೆನಪಾದಳನು? ಆಗ್ತಾಳ, ಯಾಕ ಆಗೂದಿಲ್ಲ? ಅಕಿ ಬರೂತನಕ ನಾ ಅದೇನಿ. ಇಕಾ, ನನ್ನ ಕೈ ಹಿಡಿ. ಗಟ್ಟಿ ಹಿಡಿ, ಮುರದ್ರೂ ಮುರೀಲಿ." ಒಂದು ಶಬ್ದವೂ ಆ ಹುಡುಗಿಗೆ ತಿಳಿಯದು. ಬಹಳ ಹೊತ್ತಿನ ಮೇಲೆ ಕ್ಷೀಣವಾಗಿ ಕೇಳಿತು: "ಆಯೀ..."

"ಓ!" ಎಂದಳು ನಮ್ಮಾಯಿ, ಓಣಿಗೆಲ್ಲ ಕೇಳುವಂತೆ.

ಬಿಸಿಲು ಇಳಿಯುವುದರೊಳಗೆ ಕೂಸು ಅತ್ತಿತು. ಹೆಣ್ಣು. ಸಾಹೇಬರು ಆಯಿಯ ಕಾಲು ಮುಟ್ಟಲು ಬಗ್ಗಿದರೆ, "ಏ ಬ್ಯಾಡ್ರಿ, ಎಣ್ಣಿ ಹತ್ತೈತಿ" ಎಂದು ಹಿಂದೆ ಸರಿದಳು.

ಮನೆಗೆ ಹೊರಟಾಗ ಅವಳು ಮುಂದೆ, ನಾನು ಹಿಂದೆ. "ಆಗ ಅಕಿಗೆ ಏನಂದಿದ್ದಿ ತಮ್ಮಾ?" ಎಂದಳು.

"ಧೈರ್ಯ ತಗೋರಿ ಅಂದೆ."

"ಹಂಗಾರ ನಿನ್ನ ತಪ್ಪೇನೈತಿ ಬಿಡು. ಸುಮ್ಮ ಬೈದೆ ನಿನಗ" ಎಂದು, ತಿರುಗಿ ನನ್ನ ತಲೆ ಸವರಿದಳು.

ಈ ಕಥೆಯನ್ನು ಆಮೇಲೆ ಕಚೇರಿಯಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ! ಆಯಿ ಎಂದರೆ ತಾಯಿ ಎಂಬುದೂ ತಿಳಿಯದ ಮುದುಕಿ ಎಂದು. ಬಾಗಿಲ ಸಂದಿಯ ಮಾತನ್ನು ಮಾತ್ರ ನುಂಗಿಬಿಡುತ್ತಿದ್ದೆ. ಒಮ್ಮೆ ಮಾತ್ರ ಅದನ್ನೂ ಒಬ್ಬ ಗೆಳೆಯನ ಮುಂದೆ ಒಪ್ಪಿಕೊಂಡೆ, ಮರಾಠಿಯಲ್ಲಿ. ಆಯಿ ಅಲ್ಲೇ ಅವನಿಗೆ ಚಹಾ ಕೊಡುತ್ತಿದ್ದಳು, ನಮ್ಮಿಬ್ಬರನ್ನೂ ನೋಡಿ ನಕ್ಕಳು. ಅವಳು ಹೋಗಿ ಎಷ್ಟೋ ವರ್ಷವಾಯಿತು. ಅವಳಿಗೆ ತಿಳಿಯುವ ಮಾತಿನಲ್ಲಿ ಇದನ್ನು ಹೇಳಿದ್ದು ಇವತ್ತೇ ಮೊದಲು.