‘ನಾವು’ ಎಂದವಳ ಅರ್ಜಿ

ಟ್ವೈಲಾ ಹೌಗನ್‌ಗೆ ಏಳನೆಯ ಸಲ ‘ಅನರ್ಹ’ ಎಂಬ ಉತ್ತರ ಬಂದದ್ದು ಮಾರ್ಚ್ ತಿಂಗಳಲ್ಲಿ. ಆಗ ಅವಳು ಹಿಮದಲ್ಲಿ ಜಾರಲು ಬಂದವರನ್ನು ತಂತಿಯ ಮೇಲೆ ಸಾಗುವ ತೂಗುಕುರ್ಚಿಗೆ ಹತ್ತಿಸಿ ಬೆಟ್ಟದ ಮೇಲಕ್ಕೆ ಕಳಿಸುತ್ತ, ಮೂಗು ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಫೋನಿನಲ್ಲಿ ಓದಿದಳು, ಜೇಬಿಗೆ ತುರುಕಿದಳು, ಮುಂದಿನವರನ್ನು ಹತ್ತಿಸಿದಳು. ಅಳಲಿಲ್ಲ. ಅಳುವುದಕ್ಕಾದರೂ ಒಂದಿಷ್ಟು ಬಿಡುವು ಬೇಡವೇ?

ಅನರ್ಹಳಂತೆ! ಹನ್ನೊಂದು ಬೇಸಿಗೆ ಮೊಂಟಾನಾದ ಸರ್ಕಾರಿ ಕಾಡುಗಳಲ್ಲಿ ಬೆಂಕಿಗೆ ಎದೆಯೊಡ್ಡಿ ನಿಂತವಳು. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ ಇರುವ ಪುಲಾಸ್ಕಿ ಹಿಡಿದು, ಬೆಂಕಿ ದಾಟದಂತೆ ನೆಲ ಕೆರೆದು ರೇಖೆ ಕಡಿಯಲು ನಿಂತರೆ ಕತ್ತಲಾಗುವವರೆಗೂ ಅದನ್ನು ಕೆಳಗಿಡದವಳು. ಅವಳು ಅನರ್ಹಳಾದರೆ ಅರ್ಹರು ಯಾರಪ್ಪಾ? ಕೇಳಿದವರ ಮೈಯೇ ಉರಿಯುತ್ತದೆ, ಇನ್ನು ಅನುಭವಿಸಿದವಳ ಪಾಡೇನು.

ಟ್ವೈಲಾಳ ಕೆಲಸ ಹಂಗಾಮಿ. ಮೇ ತಿಂಗಳಲ್ಲಿ ಕರೆಯುತ್ತಾರೆ, ಅಕ್ಟೋಬರಿನಲ್ಲಿ ಮನೆಗೆ ಕಳಿಸುತ್ತಾರೆ. ಚಳಿಗಾಲವೆಲ್ಲ ಯಾರದೋ ಸೂರಿನ ಹಿಮ ಎತ್ತಿಹಾಕು, ಕ್ರಿಸ್ಮಸ್ ಮರ ಕಡಿ, ಕುರ್ಚಿಗೆ ಜನ ಹತ್ತಿಸು. ವಸಂತ ಬಂದರೆ ಮತ್ತೆ ಅರ್ಜಿ, ಮತ್ತೆ ಕಾಯುವುದು. ಕಾಯಂ ಆಗಬೇಕೆಂಬ ಆಸೆ ಅವಳಿಗೆ ಹೊಸದೇನಲ್ಲ. ಆದರೆ ಈ ವರ್ಷ ಅದು ಕುತ್ತಿಗೆಗೆ ಬಂದಿತ್ತು. ಬೆಂಕಿ ಕೆಲಸದಲ್ಲಿ ಕಾಯಂ ಆಗುವವರು ಮೂವತ್ತೇಳು ತುಂಬುವುದರೊಳಗೆ ಸೇರಿರಬೇಕು, ತುಂಬಿದರೆ ಬಾಗಿಲು ಮುಚ್ಚಿದಂತೆಯೇ. ಟ್ವೈಲಾಳಿಗೆ ನವೆಂಬರ್ ಎರಡಕ್ಕೆ ಮೂವತ್ತೇಳು ತುಂಬುತ್ತಿತ್ತು.

ಅದೇ ವಾರದ ಭಾನುವಾರ ಅವಳು ಅರ್ಜಿಯ ಪ್ರತಿ ಹಿಡಿದುಕೊಂಡು ಜೀನೆಟ್ ಚಿಕ್ಕಮ್ಮನ ಮನೆಗೆ ಹೋದಳು. ಚಿಕ್ಕಮ್ಮ ಪಕ್ಕದ ಕಣಿವೆಯ ಅರಣ್ಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಕಾಗದ ಎಂದರೆ ಅವಳಿಗೆ ಪ್ರಾಣ, ಬೇರೆಯವರ ಕಾಗದ ಎಂದರಂತೂ ಇನ್ನೂ ಪ್ರಾಣ. ಹಕಲ್‌ಬೆರಿ ಹಣ್ಣು ತುಂಬಿ ಬೇಯಿಸಿದ ಪೈ ಕತ್ತರಿಸಿ ಮುಂದಿಟ್ಟು, ಪೆನ್ಸಿಲು ಹಿಡಿದು ಓದತೊಡಗಿದಳು.

“ಈ ಅರ್ಜಿ ಯಾರದ್ದೇ?”

“ನಂದೇ ಚಿಕ್ಕಮ್ಮ, ಇನ್ಯಾರ‍್ದು?”

“ನಿಂದಾದ್ರೆ ನೀನೆಲ್ಲಿದೀಯ ಇದ್ರಲ್ಲಿ? ಕನ್ನಡಕ ಒರ‍್ಸ್ಕೊಂಡು ಹುಡುಕ್ತಾ ಇದೀನಿ. ‘ನಾವು ಬೆಂಕಿರೇಖೆ ಕಡಿದೆವು.’ ‘ನಾವು ಮರ ಉರುಳಿಸಿದೆವು.’ ‘ನಾವು ಇಳಿದು ಬಂದೆವು.’ ಪಾಪ, ಈ ‘ನಾವು’ ಅನ್ನೋಳಿಗೆ ಕೆಲಸ ಕೊಡೋಣ ಅಂತಾನೇ ಅವ್ರೂ ಏಳು ವರ್ಷದಿಂದ ಕಾಯ್ತಿದಾರೆ. ಅವಳ ಪತ್ತೇನೇ ಇಲ್ಲ!”

ಟ್ವೈಲಾ ಮುಖ ಸಿಂಡರಿಸಿದಳು. ಬೆಂಕಿ ತಂಡಗಳಲ್ಲಿ ಒಂದು ಕಟ್ಟಳೆಯಿದೆ. ಯಾರ ಫೋಟೋ ಪತ್ರಿಕೆಯಲ್ಲಿ ಬಂತೋ ಅವರು ಇಡೀ ತಂಡಕ್ಕೆ ಐಸ್‌ಕ್ರೀಮ್ ಕೊಡಿಸಬೇಕು. ಅವಳ ತಂಡದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆಂಕಿಯ ಕತೆ ಹೇಳುವಾಗ ಯಾರು ‘ನಾನು’ ಎಂದರೂ ದಂಡ ಅದೇ ಎಂದು ಮಾಡಿಕೊಂಡಿದ್ದರು. ಸೇರಿದ ಮೊದಲ ವರ್ಷ ಟ್ವೈಲಾ “ನಾನು ಆ ಮರ ಬೀಳಿಸ್ದಾಗ” ಎಂದು ಬಾಯಿ ತೆರೆದದ್ದೇ ತಡ, ಇಪ್ಪತ್ತು ಜನ ಓ ಎಂದು ಕೂಗಿ, ಸಂಜೆಯೊಳಗೆ ಇಪ್ಪತ್ತು ಐಸ್‌ಕ್ರೀಮ್ ತಿಂದು ಕೈ ಒರೆಸಿಕೊಂಡಿದ್ದರು. ಅಂದಿನಿಂದ ಆ ಪದ ಅವಳ ನಾಲಿಗೆ ಬಿಟ್ಟು ಹೋಗಿತ್ತು.

“ನಾಚ್ಕೆ ಆಗುತ್ತೆ ಚಿಕ್ಕಮ್ಮ. ನಾನು ಕಡಿದೆ, ನಾನು ಕಿಸಿದೆ ಅಂತ ಬರ‍್ಕೊಂಡ್ರೆ ಹುಡುಗ್ರು ಏನಂದ್ಕೊಂಡಾರು?”

“ಹುಡುಗ್ರು ಓದ್ತಾರೇನೇ ಇದನ್ನ? ಓದೋನು ಮೂರು ರಾಜ್ಯದಾಚೆ ಕೂತಿರೋ ಗುಮಾಸ್ತ. ಅವನು ಹೊಗೆ ಕಂಡಿರೋದು ಬ್ರೆಡ್ಡು ಸೀದಾಗ ಮಾತ್ರ! ಅವನಿಗೆ ನಿನ್ನ ಹುಡುಗ್ರು ಗೊತ್ತಿಲ್ಲ, ನೀನೂ ಗೊತ್ತಿಲ್ಲ. ಅದಿರ‍್ಲಿ, ಇಲ್ಲೇನಿದು, ‘ಹನ್ನೊಂದು ಬೇಸಿಗೆ’? ಬೇಸಿಗೆ ಅಂದ್ರೆ ಯಾವ ತಿಂಗಳಿಂದ ಯಾವ ತಿಂಗಳಿಗೆ? ವಾರಕ್ಕೆಷ್ಟು ಗಂಟೆ? ಇದೇನು ಅರ್ಜಿನೋ, ಹವಾಮಾನ ವರದಿನೋ?”

ಮೂರು ಭಾನುವಾರ ಇಬ್ಬರೂ ಅಡುಗೆಮನೆಯ ಮೇಜಿಗೆ ಅಂಟಿಕೊಂಡು ಕೂತರು. ತಿಂಗಳು, ವಾರ, ಗಂಟೆ ಎಲ್ಲ ಬಂತು. ‘ಕಡಿದೆವು’ ಹೋಗಿ ‘ಕಡಿದೆ’ ಆಯಿತು, ‘ಉರುಳಿಸಿದೆವು’ ಹೋಗಿ ‘ಉರುಳಿಸಿದೆ’ ಆಯಿತು. ಒಂದೊಂದು ತಿದ್ದುವಾಗಲೂ ಟ್ವೈಲಾ ಹಲ್ಲು ಕೀಳಿಸಿಕೊಳ್ಳುವವಳ ಹಾಗೆ ನರಳಿದಳು. ಒಂದೇ ಒಂದು ಸಾಲಿಗೆ ಮಾತ್ರ ಪೆನ್ಸಿಲು ತಾಗಿಸಲು ಬಿಡಲಿಲ್ಲ: ‘ನಾವು ಇಳಿದು ಬಂದೆವು.’

“ಯಾಕೆ, ಇದಕ್ಕೇನ್ ಬಂತು?”

“ಇದೊಂದು ಹಾಗೇ ಇರ‍್ಲಿ,” ಎಂದು ಟ್ವೈಲಾ ಬಾಯಿ ತುಂಬ ಪೈ ತುಂಬಿಕೊಂಡಳು.

ಚಿಕ್ಕಮ್ಮ ಅವಳನ್ನೇ ದಿಟ್ಟಿಸಿದಳು. “ಸರಿ, ಬಿಟ್ಟೆ. ಯಾರಾದ್ರೂ ಎದುರಿಗೆ ಕೇಳ್ದಾಗ ಮಾತ್ರ ಬಾಯಿಗೆ ಪೈ ತುಂಬ್ಕೋಬೇಡ.”

ಜುಲೈನಲ್ಲಿ ಟ್ವೈಲಾಳ ಬೆಂಕಿ ತಂಡದ ಠಾಣೆಯಲ್ಲೇ ಒಂದು ಕಾಯಂ ಹುದ್ದೆಗೆ ಅರ್ಜಿ ಕರೆದರು. ಆರು ಜನರ ಗುಂಪಿಗೆ ಮುಖ್ಯಸ್ಥೆಯ ಕೆಲಸ. ಮೂರು ವರ್ಷದಿಂದ ಹಂಗಾಮಿಯಾಗಿ ಅವಳು ಮಾಡುತ್ತಿದ್ದದ್ದೂ ಅದನ್ನೇ. ಅರ್ಜಿ ಹೋಯಿತು. ಈ ಸಲ ಉತ್ತರದಲ್ಲಿ ‘ಅರ್ಹ’ ಎಂದಿತ್ತು. ಅವಳು ಅದನ್ನು ನಾಲ್ಕು ಸಲ ಓದಿದಳು, ಎಲ್ಲಾದರೂ ಇನ್ನೊಂದು ಅಕ್ಷರ ಅಡಗಿದೆಯೇ ಎಂದು.

ಸಂದರ್ಶನ ಆಗಸ್ಟಿನಲ್ಲಿ, ಫೋನಿನ ಮೇಲೆ. ಅವತ್ತು ತಂಡ ಆರುತ್ತಿದ್ದ ಒಂದು ಬೆಂಕಿಯ ಅಂಚಿನಲ್ಲಿತ್ತು. ಬೆಳಗಿನಿಂದ ಎಲ್ಲರೂ ಮಂಡಿಯೂರಿ, ಬೂದಿಗೆ ಕೈ ತಾಗಿಸಿ ಒಳಗೆ ಕಾವು ಉಳಿದಿದೆಯೇ ಎಂದು ಹುಡುಕಿದ್ದರು. ಊಟದ ಹೊತ್ತು. ಫೋನು ಸಿಗುತ್ತಿದ್ದದ್ದು ಒಂದೇ ಜಾಗದಲ್ಲಿ, ತಂಡದ ಲಾರಿಯ ಮೂತಿಯ ಮೇಲೆ ಹತ್ತಿ ನಿಂತರೆ. ಅದೇ ಲಾರಿಯ ನೆರಳಿನಲ್ಲಿ ಹುಡುಗರೆಲ್ಲ ಸ್ಯಾಂಡ್‌ವಿಚ್ ಬಿಚ್ಚಿ ಕೂತಿದ್ದರು. ಅವರ ನಡುವೆ ತಂಡದ ಮುಖ್ಯಸ್ಥ ಡೆಲ್ಮರ್ ಕಿಟ್ರಿಜ್, ಪೊದೆ ಮೀಸೆಯ ಮಿತಭಾಷಿ.

ಗಾಳಿ, ಹವೆ, ರೇಡಿಯೋ, ಪ್ರಥಮ ಚಿಕಿತ್ಸೆ, ಎಲ್ಲಕ್ಕೂ ಟ್ವೈಲಾ ಪಟಪಟನೆ ಉತ್ತರಿಸಿದಳು. ಆಮೇಲೆ ಅತ್ತಲಿಂದ ಒಬ್ಬ ಹೆಂಗಸು ಕೇಳಿದಳು: “ಮೇಲಿನವರ ಮಾತಿಗೆ ಎದುರಾಗಿ ನೀವು ತಗೊಂಡ ಒಂದು ನಿರ್ಧಾರ ಹೇಳಿ.”

ಟ್ವೈಲಾ ಅರ್ಜಿಯಲ್ಲಿದ್ದ ಸಾಲನ್ನೇ ಒಪ್ಪಿಸಿದಳು. “ಎರಡು ವರ್ಷದ ಹಿಂದೆ, ಒಂದು ಗುಡ್ಡದ ನೆತ್ತಿ ಮೇಲೆ, ಗಾಳಿ ತಿರುಗ್ತು. ಆಗ ನಾವು ಇಳ್ದು ಬಂದ್ವಿ.”

“ನಾವು ಅಂದ್ರೆ? ನೀವೇನ್ ಮಾಡಿದ್ರಿ?”

ಕೆಳಗಿದ್ದ ಹುಡುಗರಿಗೆ ಕೇಳಿಸುತ್ತಿದ್ದದ್ದು ಅವಳು ಆಡಿದ ಮಾತು ಮಾತ್ರ, ಆದರೆ ‘ಗುಡ್ಡದ ನೆತ್ತಿ’ ಎಂದಾಗಲೇ ಡೆಲ್ಮರ್ ಅಗಿಯುವುದನ್ನು ನಿಲ್ಲಿಸಿದ್ದ. ಅವತ್ತು ರೇಡಿಯೋದಲ್ಲಿ ಇಪ್ಪತ್ತು ನಿಮಿಷ ತಡೆಯಿರಿ ಎಂದವನು ಅವನೇ. ಮೇಲಿದ್ದ ಆರು ಜನಕ್ಕೆ ಅದು ಗೊತ್ತಿತ್ತು, ಅವರು ಬಾಯಿ ಬಿಟ್ಟಿರಲಿಲ್ಲ. ಉಳಿದವರಿಗೆ ಗೊತ್ತೇ ಇರಲಿಲ್ಲ. ಟ್ವೈಲಾಳ ‘ನಾವು’ ಅದನ್ನು ಮುಚ್ಚಿಟ್ಟಿತ್ತು. ಈಗ ಬಾಯಿ ಬಿಟ್ಟರೆ ಡೆಲ್ಮರನ ಮಾನ ಅವನ ತಂಡದೆದುರೇ ಹೋಗುತ್ತದೆ. ಬಿಡದಿದ್ದರೆ ಹುದ್ದೆ ಹೋಗುತ್ತದೆ, ನವೆಂಬರಿಗೆ ಎಲ್ಲ ಮುಗಿಯುತ್ತದೆ. ಅವನು ಅವಳಿಗೆ ಗರಗಸ ಹಿಡಿಯಲು ಕಲಿಸಿದವನು.

ಟ್ವೈಲಾ ಅವರಿಗೆ ಬೆನ್ನು ಮಾಡಿ ನಿಂತಳು.

“ರೇಖೆ ಮುಗಿಸೋಕೆ ಇನ್ನೂ ಇಪ್ಪತ್ತು ನಿಮಿಷ ಬೇಕಿತ್ತು. ಮುಗಿಸ್ಕೊಂಡೇ ಇಳೀರಿ ಅಂತ ರೇಡಿಯೋದಲ್ಲಿ ಹೇಳಿದ್ರು. ನಾನು ಆಗಲ್ಲ ಅಂದೆ. ಕೈಲಿರೋದು ಬಿಟ್ಟು ಈಗ್ಲೇ ಇಳೀರಿ ಅಂತ ನಾನು ಆರೂ ಜನಕ್ಕೆ ಹೇಳ್ದೆ. ನಾನು ಕೊನೇಲಿ ಇಳ್ದೆ. ಕೆಳಗೆ ಬಂದು ನಾನು ತಲೆ ಎಣಿಸೋ ಹೊತ್ತಿಗೆ ಮೇಲಿನ ಗುಡ್ಡ ಪೂರ್ತಿ ಹತ್ಕೊಂಡಿತ್ತು.”

“ಗಾಳಿ ಸುಮ್ಮನಾಗಿಬಿಟ್ಟಿದ್ರೆ? ನಿಮ್ದು ತಪ್ಪಾಗ್ತಿತ್ತಲ್ಲ?”

“ಆಗ್ತಿತ್ತು. ನನ್ನದೇ ತಪ್ಪು ಆಗ್ತಿತ್ತು. ಆದ್ರೆ ಆರು ಜನ ಮನೆಗೆ ಹೋಗಿರ‍್ತಿದ್ರು. ನಾಳೆ ಅಂಥದೇ ಗಾಳಿ ಬಂದ್ರೆ ನಾನು ಮತ್ತೆ ಅದನ್ನೇ ಮಾಡ್ತೀನಿ.”

ಫೋನು ಇಟ್ಟು ಅವಳು ಕೆಳಗೆ ಹಾರಿದಳು. ಆ ಆರು ಜನರಲ್ಲಿ ಒಬ್ಬನಾದ, ಗರಗಸದ ರಿಯೋಸ್, ಏನಾದರೂ ಹೇಳಿ ಬಿಗುವು ಸಡಿಲಿಸಬೇಕೆಂದು ಬಾಯಿ ಹಾಕಿದ. “ಐದು ಸಲ! ಎಣಿಸಿದೀನಿ. ಐದು ಸಲ ‘ನಾನು’ ಅಂದ್ಳು ಹೌಗನ್. ನೂರು ಐಸ್‌ಕ್ರೀಮ್!”

ಒಂದಿಬ್ಬರು ನಕ್ಕರು. ಡೆಲ್ಮರ್ ಎದ್ದು ನಿಂತು ಮೀಸೆ ಒರೆಸಿಕೊಂಡ.

“ಐಸ್‌ಕ್ರೀಮ್ ನಂದು,” ಎಂದ. “ಅವತ್ತು ಇಪ್ಪತ್ತು ನಿಮಿಷ ಅಂದೋನು ನಾನು. ಇವಳು ನನ್ನ ಮಾತು ಕೇಳಿದ್ದಿದ್ರೆ ರಿಯೋಸ್, ನೀನಿವತ್ತು ಎಣಿಸೋಕೆ ಇರ‍್ತಿರ‍್ಲಿಲ್ಲ. ಎರಡು ವರ್ಷ ‘ನಾವು ನಾವು’ ಅಂತ ನನ್ನ ಮಾನ ಕಾಪಾಡಿದಾಳೆ. ನಾನೂ ಬಾಯಿ ಮುಚ್ಕೊಂಡಿದ್ದೆ. ನಾಚ್ಕೆ ಆಗ್ಬೇಕಾಗಿರೋದು ನನಗೆ.” ಆಮೇಲೆ ಅವಳ ಕಡೆ ತಿರುಗಿ, “ಹೌಗನ್, ಅವರು ನನಗೆ ಫೋನ್ ಮಾಡಿ ವಿಚಾರಿಸ್ತಾರೆ. ಮಾಡ್ಲಿ. ನೀನು ಹೇಳ್ದೆ ಬಿಟ್ಟಿದ್ದನ್ನೂ ಹೇಳ್ತೀನಿ,” ಎಂದ.

ಟ್ವೈಲಾ ಅವನ ಅರ್ಧ ಸ್ಯಾಂಡ್‌ವಿಚ್ ಕಿತ್ತುಕೊಂಡು ತಿಂದಳು.

ಸೆಪ್ಟೆಂಬರಿನ ಎರಡನೆಯ ವಾರ ಕರೆ ಬಂತು. ಕೆಲಸ ಅವಳದು! ಅಕ್ಟೋಬರ್ ಇಪ್ಪತ್ತಕ್ಕೆ ಹಾಜರಾಗಬೇಕು. ಮೂವತ್ತೇಳು ತುಂಬಲು ಇನ್ನು ಹದಿಮೂರೇ ದಿನ ಇರುವಾಗ! ಅವಳು ಹಾಕಿದ ಕೇಕೆಗೆ ಠಾಣೆಯ ನಾಯಿ ಮೇಜಿನಡಿ ನುಗ್ಗಿತು. ಜೀನೆಟ್ ಚಿಕ್ಕಮ್ಮ ಫೋನಿನಲ್ಲೇ ಗೊಳೋ ಎಂದು ಅತ್ತು, ಅಳು ಮುಗಿಸಿ, ಕೊಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕಬೇಡವೆಂದು ಬೈದಳು.

ಅಕ್ಟೋಬರಿನ ಕೊನೆಯ ಶುಕ್ರವಾರ ಹಂಗಾಮು ಮುಗಿಯಿತು. ಅವತ್ತು ಎಲ್ಲರೂ ಉಗ್ರಾಣದೆದುರು ಸಾಲು ನಿಂತು ಸಾಮಾನು ಒಪ್ಪಿಸಬೇಕು: ಹೆಲ್ಮೆಟ್ಟು, ಬೆನ್ನಚೀಲ, ಹಳದಿ ಅಂಗಿಗಳು, ಬೆಂಕಿ ಸುತ್ತಿಕೊಂಡಾಗ ಮೈಮೇಲೆ ಎಳೆದುಕೊಳ್ಳುವ ಬೆಳ್ಳಿ ಬಣ್ಣದ ಹೊದಿಕೆ. ಉಗ್ರಾಣದ ಓರ್ವಿಲ್ ಒಂದೊಂದಕ್ಕೂ ಗುರುತು ಹಾಕಿ ಒಳಗೆಸೆಯುತ್ತಾನೆ, ಒಪ್ಪಿಸಿದವರು ಬರಿಗೈಲಿ ಹೊರನಡೆಯುತ್ತಾರೆ. ಟ್ವೈಲಾಳ ಕಾಲಿಗೇ ಅದು ಅಭ್ಯಾಸವಾಗಿತ್ತು. ಎಲ್ಲರ ಜೊತೆ ತಾನೂ ಸಾಲಿನಲ್ಲಿ ನಿಂತು, ಸರದಿ ಬಂದಾಗ ಚೀಲವನ್ನು ಕಟ್ಟೆಯ ಮೇಲಿಟ್ಟಳು.

ಓರ್ವಿಲ್ ಕನ್ನಡಕದ ಮೇಲಿಂದ ನೋಡಿದ. “ಇದೇನು?”

“ನನ್ ಸಾಮಾನು. ಅಂಗಿ ನಾಲ್ಕಿದೆ, ಒಂದರ ತೋಳು ಸುಟ್ಟಿದೆ.”

“ಯಾಕೆ, ಕೆಲಸ ಬಿಟ್ಯಾ?”

“ಇಲ್ವಲ್ಲ.”

“ಮತ್ತೆ? ಕಾಯಂ ಜನದ್ದು ನಾನ್ ವಾಪಸ್ ತಗೊಳ್ಳಲ್ಲ. ಇದು ನಿಂದು. ತಗೊಂಡ್ ಹೋಗಿ ನಿನ್ನ ಬೀರುಲಿಡು. ಸರ‍್ಕೋ, ಹಿಂದೆ ಜನ ಕಾಯ್ತಿದಾರೆ.”

ಟ್ವೈಲಾ ಸರಿಯಲಿಲ್ಲ. ಹೊಗೆ ವಾಸನೆಯ ಆ ಚೀಲವನ್ನು ತಬ್ಬಿಕೊಂಡು, ಎಲ್ಲರೆದುರೇ ಜೋರಾಗಿ ಅಳತೊಡಗಿದಳು. ಸಾಲಿನಲ್ಲಿದ್ದ ರಿಯೋಸ್ ಚಪ್ಪಾಳೆ ಶುರುಮಾಡಿದ, ಉಳಿದವರು ಸೇರಿಕೊಂಡರು, ಉಗ್ರಾಣದ ತಗಡಿನ ಗೋಡೆಗಳು ಅದುರಿದವು. ಓರ್ವಿಲ್ ಪೆನ್ನು ಕೆಳಗಿಟ್ಟು ಕಾದ.

“ಸರಿ, ಸರಿ, ಅತ್ತು ಮುಗಿಸು,” ಎಂದ ಕೊನೆಗೆ. “ಸೋಮವಾರ ಏಳು ಗಂಟೆಗೆ ಕೆಲಸ ಇದೆ ನಿಂಗೆ.”