ಗಾದಿ ಕೇಳಿದವರಿಗೆ ಎರಡು ಲೋಡು

ಗಾಳಿ ಏಳುವ ಮೊದಲೇ ಹತ್ತಿ ಬಡಿಯಬೇಕು. ತಡವಾದರೆ ಅರ್ಧ ಹತ್ತಿ ಪಕ್ಕದ ಮನೆಯ ಅಂಗಳ ಸೇರುತ್ತದೆ. ಅದಕ್ಕೇ ಗಡಿಯಾಚೆ, ಮರಾಠಿ ಸೀಮೆಯ ವಳಸಂಗದ ಬಿಸ್ಮಿಲ್ಲಾ ನದಾಫ ನಸುಕಿನಲ್ಲೇ ಮೂಗಿಗೆ ಸೆರಗು ಸುತ್ತಿಕೊಂಡು ಬೆತ್ತ ಹಿಡಿದು ಕೂತಿದ್ದಾರೆ. ಇವತ್ತು ಮಾತ್ರ ನಾಲ್ಕು ಏಟಿಗೊಮ್ಮೆ ಅವರ ಕಣ್ಣು ಮೊಬೈಲಿನತ್ತ ಹೋಗುತ್ತದೆ. ಬೆಳುಂಕಿ ಊರಿನಿಂದ ಸುದ್ದಿ ಬರಬೇಕಿದೆ.

ಐವತ್ತೆರಡು ವರ್ಷದ ಬಿಸ್ಮಿಲ್ಲಾ ಗಾದಿ ಹೊಲಿಯಲು ಕಲಿತದ್ದು ತಂದೆ ಅಲ್ಲಾಭಕ್ಷರಿಂದ. ದಿನಕ್ಕೆ ಒಂದು ಗಾದಿ, ಇಲ್ಲವೇ ಆರು ದಿಂಬು. ಪೇಟೆಯ ಸ್ಪಂಜಿನ ಗಾದಿ ಬಂದ ಮೇಲೆ ಕೆಲಸ ಕಡಿಮೆಯಾಗಿದೆ, ಹತ್ತಿ ಧೂಳಿನ ಕೆಮ್ಮು ಕಡಿಮೆಯಾಗಿಲ್ಲ.

ಕಳೆದ ವಾರ ಬೆಳುಂಕಿಯ ಮಂಗಲ ತಮ್ಮ ಸೊಸೆ ದಾಕ್ಷಾಯಣಿಯನ್ನು ಕರೆತಂದರು. ಆಕೆ ಏಳು ತಿಂಗಳ ಬಸುರಿ. ಇಪ್ಪತ್ತು ದಿನದಿಂದ ಸರಿಯಾಗಿ ನಿದ್ದೆಯಿಲ್ಲ. ರೊಟ್ಟಿ ಬಡಿಯುತ್ತಲೇ ತೂಕಡಿಸಿ ಕೈ ಸುಟ್ಟುಕೊಂಡಿದ್ದಳು.

“ಒಂದು ಮೆತ್ತನ್ನ ಗಾದಿ ಹೊಲಿ ಬಿಸ್ಮಿಲ್ಲಾ. ಖುಶೀಲೆ ಮಲಕೋ ಅಂತ ನರ್ಸಬಾಯಿ ಹೇಳ್ಯಾಳಂತ. ಇಕಿ ಮಾರಿ ನೋಡು, ಖುಶಿ ಎಲ್ಲೈತಿ?” ಎಂದರು ಮಂಗಲ.

ಬಿಸ್ಮಿಲ್ಲಾಗೆ ಅನುಮಾನ. “ನರ್ಸಬಾಯಿ ಅಂದಿದ್ದನ್ನ ಹಂಗ ಹೇಳವ್ವಾ.”

ವಿಜಯಪುರದ ಕಡೆಯಿಂದ ಬಂದ, ಮರಾಠಿ ತಿಳಿಯದ ಹುಡುಗಿ ತಲೆ ತಗ್ಗಿಸಿ ಒಪ್ಪಿಸಿದಳು: “ಡಾವ್ಯಾ ಕುಶೀವರ ಝೋಪಾ.”

“ಅಯ್ಯ ನನ್ನವ್ವಾ! ಮರಾಠಿಯೊಳಗ ಕುಶಿ ಅಂದ್ರ ಮಗ್ಗಲ. ಎಡಮಗ್ಗಲಾಗಿ ಮಲಕೋ ಅಂದಾಳ. ನೀ ಹೆಂಗ ಮಲಗತಿ?”

“ಅಂಗಾತರಿ. ನಗಕೋತ.”

ಮಂಗಲ ಬಿದ್ದು ಬಿದ್ದು ನಕ್ಕರು.

ಬಿಸ್ಮಿಲ್ಲಾ ಗಾದಿ ಹೊಲಿಯಲಿಲ್ಲ. ಉರುಟು ದಿಂಬಿನಂಥ ಎರಡು ಉದ್ದನೆಯ ಲೋಡು ಹೊಲಿದು, ಹುಡುಗಿಯನ್ನು ಚಾಪೆಯ ಮೇಲೆ ಎಡಕ್ಕೆ ಮಲಗಿಸಿ, ಒಂದನ್ನು ಮೊಣಕಾಲುಗಳ ನಡುವೆ, ಇನ್ನೊಂದನ್ನು ಬೆನ್ನಿಗೆ ಇಟ್ಟು ತೋರಿಸಿದರು. ಆದರೆ ಮನೆಗೆ ಹೋಗಿ ಮಲಗಿದಾಗ ಕಾಲಿನ ಲೋಡು ದಪ್ಪವಾಗಿ ಹುಡುಗಿಯ ಸೊಂಟ ಹಿಡಿಯಿತು. ನಿನ್ನೆ ಅದನ್ನು ಬಿಚ್ಚಿ, ಎರಡು ಹಿಡಿ ಹತ್ತಿ ತೆಗೆದು ಮತ್ತೆ ಕಳಿಸಿದ್ದಾರೆ.

“ನನ್ನ ಮೂರು ಬಸಿರಿನ್ಯಾಗ ಉಂಡ್ಯೇನ ಅಂತ ಎಲ್ಲಾರೂ ಕೇಳಿದ್ರು. ನಿದ್ದಿ ಬಂತೇನ ಅಂತ ಒಬ್ರೂ ಕೇಳ್ಲಿಲ್ರಿ,” ಎನ್ನುತ್ತಾ ಬಿಸ್ಮಿಲ್ಲಾ ಮತ್ತೆ ಮೊಬೈಲ್ ನೋಡುತ್ತಾರೆ.

ಏಳು ಗಂಟೆಗೆ ಅದು ಬಡಿದುಕೊಳ್ಳುತ್ತದೆ. ಮಂಗಲರ ದನಿ ಅಂಗಳಕ್ಕೆಲ್ಲ ಕೇಳಿಸುತ್ತದೆ.

“ಹೊತ್ತೇರಿತು, ಇಕಿ ಇನ್ನೂ ಎದ್ದಿಲ್ಲ! ಗೊರಕಿ ಕೇಳಿ ಹೊರಗಿನ ಆಕಳ ಹೊಳ್ಳಿ ಹೊಳ್ಳಿ ನೋಡಾಕತ್ತೈತಿ.”

“ಎಬ್ಬಸಬ್ಯಾಡ್ರಿ ವೈನಿ. ಇವತ್ತ ರೊಟ್ಟಿ ನೀವ ಬಡೀರಿ.”

ಬಿಸ್ಮಿಲ್ಲಾ ಬೆತ್ತವನ್ನು ಗೋಡೆಗೆ ಒರಗಿಸಿ, ಮೂಗಿನ ಸೆರಗು ಬಿಚ್ಚಿ, ದೊಡ್ಡದಾಗಿ ಆಕಳಿಸುತ್ತಾರೆ.

“ರಾತ್ರಿ ನನಗೂ ಕಣ್ಣ ಹತ್ತಿರಲಿಲ್ರಿ,” ಎಂದು ನಗುತ್ತಾರೆ. “ಈಗ ಹತ್ತತೈತಿ.”