ಕೀಲಿ ಹಾಕಿದ ಕೋಣೆಗೆ ಕಾವಲು

ನಮ್ಮ ಚಿಗವ್ವ ಅನ್ನವ್ವನನ್ನು ನೋಡಿದವರೆಲ್ಲ ಅವಳು ಬಹಳ ಶಾಂತ ಸ್ವಭಾವದವಳು ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಶಾಂತಳಾಗಿರದೆ ಅವಳು ಏನು ಮಾಡಬೇಕಿತ್ತು? ಅವಳನ್ನು ಕೂರಿಸಿದ್ದೇ ಚೀಲಗಳ ನಡುವೆ.

ಅವಳು ನನ್ನ ಕಾಕಾ ಶಿವಯೋಗಿಯ ಹೆಂಡತಿ. ಅಕ್ಕಿಆಲೂರಿನ ನಮ್ಮ ಮನೆಗೆ ಕಿರಿಯ ಸೊಸೆಯಾಗಿ ಬಂದವಳು. ಮದುವೆಯಾದ ವರ್ಷವೇ ಮನೆಮಂದಿಯೆಲ್ಲ ಟೆಂಪೊ ಮಾಡಿಕೊಂಡು ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದರು. ಚಪ್ಪಲಿ, ಬುತ್ತಿಗಂಟು, ನೀರಿನ ಕೊಡ ನೋಡಿಕೊಳ್ಳಲು ಒಬ್ಬರು ಬೇಕಲ್ಲ, ಕಿರಿಯ ಸೊಸೆ ಹೊರಗೆ ಕುಳಿತಳು. ಸವಣೂರಿನ ದೊಡ್ಡ ಹುಣಸೆ ಮರ ನೋಡಲು ಹೋದಾಗಲೂ ಅವಳೇ, ಮದಗದ ಕೆರೆ ಕೋಡಿ ಬಿತ್ತೆಂದು ಮಾಸೂರಿಗೆ ಹೋದಾಗಲೂ ಅವಳೇ. ಯಾರ ಮದುವೆಗೆ ಹೋದರೂ ಎಲ್ಲರ ಬಂಗಾರವಿಟ್ಟ ಕೋಣೆಯ ಬಾಗಿಲಲ್ಲಿ ಅನ್ನವ್ವ. ವಾದ್ಯ ಜೋರಾದರೆ ತಾಳಿ ಕಟ್ಟಿದರು ಎಂದು ತಿಳಿದುಕೊಳ್ಳುತ್ತಿದ್ದಳು. ಆಮೇಲೆ ನನ್ನ ಅಣ್ಣನಿಗೆ ಮದುವೆಯಾಗಿ ಮನೆಗೆ ಇನ್ನೊಬ್ಬ ಸೊಸೆ ಬಂದಳು. ಕಿರಿತನ ಆ ಹುಡುಗಿಗೆ ಹೋಯಿತು, ಚೀಲ ಮಾತ್ರ ಚಿಗವ್ವನ ಬಳಿಯೇ ಉಳಿಯಿತು. ಅವಳ ಕೈಯಲ್ಲಿ ಒಂದು ಚಮಚೆಯೂ ಕಳೆದಿಲ್ಲವಲ್ಲ! ನಮ್ಮ ಮನೆಯಲ್ಲಿ ಒಬ್ಬರನ್ನು ದುಡಿಸಿಕೊಳ್ಳಬೇಕಾದರೆ ಮೊದಲು ಹೊಗಳುತ್ತಾರೆ.

ಹೋದ ವರ್ಷ ಅಪ್ಪ ಕರಬಸಪ್ಪನಿಗೆ ಅರವತ್ತು ತುಂಬಿತು. ಅಕ್ಕಿ ಗಿರಣಿಯನ್ನು ಅಣ್ಣನಿಗೆ ಒಪ್ಪಿಸಿ ಅಪ್ಪ, ಅವ್ವ ಮಾದೇವಿ, ಕಾಕಾ, ಚಿಗವ್ವ, ನಾನು ಐವರೂ ಕಲಕತ್ತೆಯಿಂದ ಗಂಗಾ ನದಿಯಲ್ಲಿ ಹಡಗಿನ ಪ್ರವಾಸ ಹೊರಟೆವು. ಊಟ, ನಿದ್ದೆ ಎಲ್ಲ ಹಡಗಿನಲ್ಲೇ. ದಿನಕ್ಕೊಂದು ಊರಿನ ಮುಂದೆ ಹಡಗು ನಿಲ್ಲುತ್ತದೆ, ಸಣ್ಣ ದೋಣಿಯಲ್ಲಿ ದಂಡೆಗೆ ಹೋಗಿ ಊರು ನೋಡಿ ಬರಬೇಕು. ಅದರಲ್ಲಿ ಕಾಲ್ನಾ ಎಂಬ ಊರಲ್ಲಿ ನೂರೆಂಟು ಶಿವನ ಗುಡಿಗಳಿವೆ ಎಂದು ಕೇಳಿದಾಗಿನಿಂದ ಚಿಗವ್ವನಿಗೆ ಅದೊಂದೇ ಧ್ಯಾನ. ಹಿತ್ತಲಿನ ಬಿಲ್ವಪತ್ರಿ ಗಿಡದ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು.

“ಬ್ಯಾರೆ ಏನೂ ನೋಡದಿದ್ರೂ ನಡೀತೈತಿ ಮಲ್ಲಿಕಾ, ಅದೊಂದು ನೋಡ್ತೇನಿ,” ಎಂದಿದ್ದಳು ರೈಲಿನಲ್ಲಿ.

ಮೊದಲು ಚಂದನನಗರ ಬಂತು. ಎಲ್ಲರೂ ಕೋಣೆಗೆ ಕೀಲಿ ಹಾಕಿ, ಚಾವಿಗಳನ್ನು ತಂದು ಚಿಗವ್ವನ ಕೈಗೆ ಕೊಟ್ಟರು.

“ಅನ್ನವ್ವ ಇರ್ತಾಳ, ಚಿಂತಿಲ್ಲ,” ಎಂದ ಅಪ್ಪ.

“ಕೀಲಿ ಹಾಕೇವಲ್ಲ ಅಪ್ಪಾ, ಮತ್ತ ಕಾಯೋದು ಏನನ್ನ?” ಎಂದು ಕೇಳಿದೆ.

“ಗೊತ್ತಿಲ್ಲದ ಊರು. ಕೀಲಿ ಮುರಿಯಾಕ ಎಷ್ಟೊತ್ತು ಬೇಕು?”

ಹಡಗಿನ ತುಂಬ ಕೆಲಸದವರಿದ್ದರು, ಮೆಟ್ಟಿಲ ಬಳಿ ಕಾವಲುಗಾರನಿದ್ದ. ಉಳಿದ ಪ್ರವಾಸಿಗಳು ಯಾರೂ ತಮ್ಮವರನ್ನು ಬಿಟ್ಟು ಇಳಿದಿರಲಿಲ್ಲ. ನಾವು ಮಾತ್ರ ಕೀಲಿ ಹಾಕಿದ ಕೋಣೆಗೆ ಒಬ್ಬ ಹೆಂಗಸನ್ನು ಕಾವಲಿಟ್ಟು ಹೋದೆವು. ಸುಮ್ಮನಿರು ಎಂದು ಚಿಗವ್ವ ನನಗೆ ಕಣ್ಣಲ್ಲೇ ಹೇಳಿದಳು. ಕಾಲ್ನಾಕ್ಕಾದರೂ ಕರೆದೊಯ್ಯುತ್ತಾರೆ ಎಂದು ನಂಬಿದ್ದಳು ಪಾಪ.

ಮರುದಿನ ಕಾಲ್ನಾ. ಚಿಗವ್ವ ಎಲ್ಲರಿಗಿಂತ ಮೊದಲು ಎದ್ದು ಮಿಂದು, ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ, ಪತ್ರಿಯ ಪೊಟ್ಟಣ ಹಿಡಿದು ಮೆಟ್ಟಿಲ ಬಳಿ ನಿಂತಿದ್ದಳು. ಅವ್ವ ಬಂದವಳೇ ಚಾವಿಗಳನ್ನೆಲ್ಲ ಅವಳ ಕೈಗೆ ತುರುಕಿದಳು.

“ಸರಾ ಪೆಟ್ಟಿಗ್ಯಾಗ ಇಟ್ಟೇನಿ ಅನ್ನವ್ವ. ನೋಡ್ಕೋ.”

“ಅಕ್ಕಾ, ಇವತ್ತ ನಾನೂ ಬರ್ತೇನಿ.”

“ಎಲ್ಲಾರೂ ಹೋದ್ರ ಹೆಂಗ? ಆ ಪತ್ರಿ ಕೊಡು ಇಲ್ಲೆ, ನಿನ್ನ ಹೆಸರ್ಲೆ ನಾನ ಏರಸ್ತೇನಿ.”

ಪೊಟ್ಟಣವನ್ನು ಕಿತ್ತುಕೊಂಡೇಬಿಟ್ಟಳು! ಕಾಕಾ ನದಿಯ ನೀರು ನೋಡುತ್ತ ನಿಂತಿದ್ದ. ಹೆಂಡತಿಯ ಪರವಾಗಿ ಒಂದು ಮಾತಾಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ನಾನೂ ಇಳಿಯುವುದಿಲ್ಲ ಎಂದು ಹಟ ಹಿಡಿದೆ. “ನೀ ನಡಿ,” ಎಂದಳು ಚಿಗವ್ವ. ಆ ದನಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಅಲ್ಲಿ ಗುಡಿಗಳು ಎರಡು ಸುತ್ತಾಗಿ ನಿಂತಿವೆ, ದೊಡ್ಡ ಸುತ್ತಿನೊಳಗೆ ಸಣ್ಣದು. ನಾವು ನಾಲ್ಕಾರು ಗುಡಿ ದಾಟಿರಬೇಕು, ಅಷ್ಟರಲ್ಲಿ ಚಿಗವ್ವ ಬಾಗಿಲಲ್ಲಿ ಬ್ಯಾಟರಿ ರಿಕ್ಷಾದಿಂದ ಇಳಿದು ಒಳಗೆ ಬಂದಳು. ಉಳಿದ ಪ್ರವಾಸಿಗಳ ಜೊತೆ ಎರಡನೇ ದೋಣಿಯಲ್ಲಿ ಬಂದಿದ್ದಳು.

ಅಪ್ಪನ ಬಾಯಿಂದ ಬಂದ ಮೊದಲ ಮಾತು, “ಚೀಲ?”

“ಅಲ್ಲೇ ಅದಾವರಿ.”

“ಯಾರದಾರ ಅಲ್ಲಿ?”

“ಯಾರೂ ಇಲ್ಲ.”

“ತಲಿ ಕೆಟ್ಟೈತೇನು ನಿನಗ?” ಎಂದು ಕಾಕಾ ಬಾಯಿ ಮಾಡಿದ. ಬೇಕಾದಾಗ ಬಾರದ ಮಾತು ಈಗ ಬಂತು.

ಚಿಗವ್ವ ಅಷ್ಟು ಜನರ ನಡುವೆ ಕೂಗಿಬಿಟ್ಟಳು. “ನಾ ನಿಮ್ಮ ಮನೀಗೆ ಸೊಸಿ ಆಗಿ ಬಂದೇನಿ, ಕೀಲಿ ಆಗಿ ಬಂದಿಲ್ಲ! ಹಾನಗಲ್ಲ ನಮ್ಮೂರಿಂದ ಎಷ್ಟು ದೂರ ಐತಿ? ಆ ಗುಡಿ ಒಳಗ ಹೆಂಗೈತಿ ಅಂತ ನನಗ ಇವತ್ತಿಗೂ ಗೊತ್ತಿಲ್ಲ. ನಿಮ್ಮ ಚಪ್ಪಲಿ ಹೆಂಗದಾವ ಕೇಳ್ರಿ, ಒಂದೊಂದ ಹೇಳ್ತೇನಿ. ಇಲ್ಲೀ ಮಟ ಬಂದೂ ನಾ ಚೀಲಾನ ನೋಡ್ಕೋತ ಕುಂಡ್ರಬೇಕೇನು?” ಎಂದವಳು ಅವ್ವನ ಕೈಯಿಂದ ಪೊಟ್ಟಣ ವಾಪಸು ಕಿತ್ತುಕೊಂಡಳು.

ಅಪ್ಪನ ಕಿವಿಗೆ ಅದು ಬಿತ್ತೋ ಇಲ್ಲವೋ. “ಮದ್ಲ ಹಡಗಿಗೆ ನಡೀರಿ,” ಎಂದ. ಮೂವರೂ ರಿಕ್ಷಾ ಹತ್ತಿ ಓಡಿದರು. ನೂರೆಂಟು ಶಿವರನ್ನು ಬಿಟ್ಟು ಚೀಲದ ಹಿಂದೆ ಓಡಿದರು. ನಗು ಬರಬೇಕಿತ್ತು, ನನಗೆ ಅಳು ಬರುವಷ್ಟು ಸಿಟ್ಟು ಬಂತು.

ನಾನು ಅವಳ ಜೊತೆ ಉಳಿದೆ. ಹೊರಸುತ್ತಿನಲ್ಲಿ ಒಂದು ಕರಿ ಲಿಂಗ, ಪಕ್ಕದಲ್ಲಿ ಒಂದು ಬಿಳಿ ಲಿಂಗ. ಒಳಸುತ್ತಿನಲ್ಲಿ ಎಲ್ಲವೂ ಬಿಳಿ. ಚಿಗವ್ವ ಒಂದನ್ನೂ ಬಿಡಲಿಲ್ಲ. ಪತ್ರಿ ಸಾಲದೆ ಬರುತ್ತದೆ ಎನಿಸಿದಾಗ ದಳ ಬಿಡಿಸಿ, ಹೊಸ್ತಿಲಿಗೆ ಒಂದೊಂದೇ ಇಡುತ್ತ ಹೋದಳು. ಹೊರಸುತ್ತು ಮುಗಿಯುವವರೆಗೂ ಶಿವನ ಮುಂದೆಯೇ ಅಪ್ಪನನ್ನು ಬೈದಳು, ಕಾಕಾನನ್ನು ಬೈದಳು, ತನ್ನನ್ನೂ ಬೈದುಕೊಂಡಳು. ಒಳಸುತ್ತಿಗೆ ಬಂದ ಮೇಲೆ ಸುಮ್ಮನಾದಳು.

ಹಡಗಿಗೆ ಮರಳಿದರೆ ಮೂವರೂ ತಮ್ಮ ಕೋಣೆಗಳ ಮುಂದೆ ನೆಲದ ಮೇಲೆ ಕುಳಿತಿದ್ದರು. ಚಾವಿಗಳೆಲ್ಲ ಚಿಗವ್ವನ ಸೆರಗಿನ ತುದಿಯಲ್ಲಿದ್ದವು. ಅಪ್ಪನ ಸಕ್ಕರೆ ಕಾಯಿಲೆಯ ಗುಳಿಗೆಯೂ ಒಳಗೆ, ಪಾಯಖಾನೆಯೂ ಒಳಗೆ. ಹಡಗಿನ ಕೆಲಸದವನು ತನ್ನ ಬಳಿಯ ಚಾವಿಯಿಂದ ತೆಗೆದುಕೊಡಲು ಬಂದಿದ್ದನಂತೆ. ನಮ್ಮ ಕೋಣೆಯ ಚಾವಿ ನಿನ್ನ ಹತ್ತಿರ ಹೇಗೆ ಬಂತು ಎಂದು ಅಪ್ಪ ಅವನ ಮೇಲೆಯೇ ಹರಿಹಾಯ್ದು ಅವನನ್ನು ಓಡಿಸಿದ್ದ.

“ಎಷ್ಟೊತ್ತು ಕುಂಡ್ರಸ್ತೀ ನಮ್ಮನ್ನ?” ಎಂದ ಅಪ್ಪ.

ಚಿಗವ್ವ ಸೆರಗಿನಿಂದ ಚಾವಿ ಬಿಚ್ಚಿ ಕೊಟ್ಟಳು. ಅವ್ವ ಒಳಗೆ ನುಗ್ಗಿ ಪೆಟ್ಟಿಗೆ ತೆರೆದು ಸರ ಹೊರತೆಗೆದಳು. ಅಪ್ಪ ಚೀಲಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಚಿಗವ್ವ ಬಾಗಿಲಲ್ಲೇ ನಿಂತಿದ್ದಳು.

“ಎಲ್ಲಾ ಅದಾವಿಲ್ಲ ಅಕ್ಕಾ?”

“ಅದಾವ,” ಎಂದಳು ಅವ್ವ.

“ಹಂಗಾರ ಇಷ್ಟು ವರ್ಷ ನಾ ಏನ್ ಕಾದೆ?”